ವಕಾಲತ್ತು ಕೊಟ್ಟ ಮೇಲೆ ನಾವೇ ಮಾತಾಡಬಹುದೇ?

ಚನ್ನಗಿರಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಅಡಿಕೆ ತೋಟದ ಪಾಲಿಗಾಗಿ ಅಣ್ಣನ ಮೇಲೆ ದಾವೆ ಹಾಕಿದ್ದೇನೆ. ‘1998ರಲ್ಲೇ ಬಾಯಿಮಾತಿನ ಪಾಲಾಗಿದೆ’ ಎಂದು ಎದುರು ವಕೀಲರು ಹೇಳಿದಾಗ ನಮ್ಮ ವಕೀಲರು ಸುಮ್ಮನಿದ್ದರು. ನಾನೇ ಎದ್ದು ‘ಸುಳ್ಳು ಸ್ವಾಮಿ’ ಎಂದೆ. ‘ನಿಮ್ಮ ವಕೀಲರ ಮೂಲಕ ಹೇಳಿಸಿ’ ಎಂದು ನ್ಯಾಯಾಧೀಶರು ಕೂರಿಸಿದರು. ಜಮೀನು ನನ್ನದು, ಮಾತಾಡುವ ಹಕ್ಕು ಮಾತ್ರ ನನಗಿಲ್ಲವೇ?"

ವಾದ ಮಾಡುವ ಹಕ್ಕು ಸದ್ಯಕ್ಕೆ ನಿಮ್ಮ ವಕೀಲರದ್ದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 3ರ ಪ್ರಕಾರ ಕಕ್ಷಿದಾರ ಖುದ್ದಾಗಿ ಕೇಸು ನಡೆಸಬಹುದು, ಇಲ್ಲವೇ ವಕೀಲರನ್ನು ನೇಮಿಸಬಹುದು. ವಕಾಲತ್ತಿಗೆ ಸಹಿ ಹಾಕಿದ ಮೇಲೆ ಇಬ್ಬರೂ ಸರದಿಯಲ್ಲಿ ವಾದಿಸುವುದನ್ನು ನ್ಯಾಯಾಲಯಗಳು ಒಪ್ಪುವುದಿಲ್ಲ. ನ್ಯಾಯಾಧೀಶರು ಅನುಮತಿ ಕೊಟ್ಟರೆ ಒಂದೆರಡು ಮಾತು ಹೇಳಬಹುದು. ಹಕ್ಕೆಂದು ಪಟ್ಟು ಹಿಡಿಯಲಾಗದು.

ನಿಮ್ಮ ವಕೀಲರು ಸುಮ್ಮನಿದ್ದುದನ್ನು ಸೋಲೆಂದು ತಿಳಿಯಬೇಡಿ. ಹಿಂದೂ ಅವಿಭಕ್ತ ಕುಟುಂಬದಲ್ಲಿ ಮೊದಲೇ ಪಾಲಾಗಿದೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು. ಎದುರಿನವರು ಬರೀ ಬಾಯಲ್ಲಿ ಹೇಳಿದ್ದಕ್ಕೆ ನೀವು ಬಾಯಲ್ಲೇ ಉತ್ತರ ಕೊಟ್ಟರೆ ಅದು ಸಾಕ್ಷ್ಯವಾಗುವುದಿಲ್ಲ, ಆದರೆ ಅಪಾಯ ಆಗಬಹುದು. ‘ಪಾಲೆಲ್ಲಿ ಆಗಿದೆ, ಅನುಕೂಲಕ್ಕೆ ಬೇರೆ ಬೇರೆ ಉಳುತ್ತಿದ್ದೆವು ಅಷ್ಟೆ’ ಎಂದುಬಿಡಿ ನೋಡೋಣ. ‘ಪ್ರತ್ಯೇಕ ಸಾಗುವಳಿ ಇತ್ತೆಂದು ವಾದಿಯೇ ಒಪ್ಪಿದ್ದಾರೆ, ದಾಖಲಿಸಿಕೊಳ್ಳಿ’ ಎಂದು ಎದುರು ವಕೀಲರು ಮರುಕ್ಷಣವೇ ಏಳುತ್ತಾರೆ. ಸಿಟ್ಟಿನಲ್ಲಿ ಆಡಿದ ಒಂದು ವಾಕ್ಯವನ್ನು, ಎದುರು ವಕೀಲರು ನಿಮ್ಮನ್ನು ಪ್ರಶ್ನಿಸುವ ಪಾಟಿಸವಾಲಿನ ಹೊತ್ತಿಗೆ ನುಂಗಲೂ ಆಗದು, ಉಗುಳಲೂ ಆಗದು.

ನೀವು ಮಾತಾಡಲೇಬೇಕಾದ ಘಟ್ಟಗಳು ಬೇರೆ ಇವೆ. ಅದೇ ಸಂಹಿತೆಯ ಆದೇಶ 10ರಡಿ ವಿವಾದ ಯಾವುದೆಂದು ಸ್ಪಷ್ಟಪಡಿಸಿಕೊಳ್ಳಲು ನ್ಯಾಯಾಧೀಶರು ಕಕ್ಷಿದಾರರನ್ನೇ ಪ್ರಶ್ನಿಸಿ ಉತ್ತರದ ಸಾರಾಂಶ ಬರೆದುಕೊಳ್ಳಬಹುದು. ಇಲ್ಲಿ ಪ್ರಮಾಣವಚನ ಇರುವುದಿಲ್ಲ. ಕೇಳಿದ್ದಕ್ಕಷ್ಟೇ ಉತ್ತರಿಸಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಮುಖ್ಯ ಪ್ರಶ್ನೆಯೊಂದಕ್ಕೆ ವಕೀಲರಿಂದ ಉತ್ತರ ಬಾರದಿದ್ದರೆ ನೀವೇ ಬನ್ನಿ ಎಂದು ಆದೇಶವಾಗಬಹುದು. ಆಗ ಸಕಾರಣವಿಲ್ಲದೆ ಗೈರಾದರೆ ತೀರ್ಪೇ ನಿಮ್ಮ ವಿರುದ್ಧ ಆದೀತು.

ನಿಮ್ಮ ನಿಜವಾದ ಸರದಿ ಸಾಕ್ಷ್ಯದ ಹಂತದಲ್ಲಿ. ಮುಖ್ಯ ವಿಚಾರಣೆ, ಅಂದರೆ ನಿಮ್ಮ ಕಡೆಯ ಹೇಳಿಕೆ, ಪ್ರಮಾಣಪತ್ರದಲ್ಲಿ (ಅಫಿಡವಿಟ್) ಹೋಗುತ್ತದೆ. ಅದಕ್ಕೆ ಸಹಿ ಹಾಕುವ ಮುನ್ನ ವಕೀಲರ ಕಚೇರಿಯಲ್ಲಿ ಕೂತು ಸಾಲುಸಾಲು ಓದಿಸಿಕೊಳ್ಳಿ: ಸರ್ವೆ ನಂಬರು, ಪಹಣಿಯ ವರ್ಷಗಳು, ಯಾರ ಹೆಸರಿಗೆ ಯಾವಾಗ ಖಾತೆಯಾಯಿತು ಎಲ್ಲವೂ. ನಂತರ ಪಾಟಿಸವಾಲಿನಲ್ಲಿ ಉತ್ತರಿಸುವವರು ನೀವೊಬ್ಬರೇ, ಅಲ್ಲಿ ವಕೀಲರು ನಿಮ್ಮ ಬಾಯಿಗೆ ಮಾತು ತುರುಕುವಂತಿಲ್ಲ. ಕ್ರಿಮಿನಲ್ ಕೇಸಾಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದದ್ದು) ಕಲಂ 351ರಡಿ ಆರೋಪಿಯನ್ನೇ ನ್ಯಾಯಾಧೀಶರು ನೇರವಾಗಿ ಕೇಳುತ್ತಾರೆ.

ವಾದ ನಡೆಯುವಾಗ ಹೇಳಲೇಬೇಕೆನಿಸಿದ್ದನ್ನು ಚೀಟಿಯಲ್ಲಿ ಎರಡೇ ಸಾಲು ಬರೆದು ಜೂನಿಯರ್ ವಕೀಲರ ಕೈಗೆ ಕೊಡಿ. ‘ಇವರು ಸುಳ್ಳು ಹೇಳ್ತಿದ್ದಾರೆ’ ಎಂಬ ಚೀಟಿ ಉಪಯೋಗವಿಲ್ಲ. ‘ನಿಶಾನೆ ಪಿ-4 (ಕೋರ್ಟು ಗುರುತು ಹಾಕಿದ ನಮ್ಮ ದಾಖಲೆ) ಪಹಣಿಯಲ್ಲಿ 2003ರವರೆಗೂ ಜಂಟಿ ಹೆಸರಿದೆ’ ಎಂಬಂಥದ್ದು ವಕೀಲರಿಗೆ ಆಯುಧ.

ವಕೀಲರು ಬಾರದ ದಿನ ನಿಮ್ಮ ಕೇಸು ಕೂಗಿದಾಗ ಎದ್ದು ಹೇಳಲು ಅಡ್ಡಿಯಿಲ್ಲ. ಆದರೆ ‘ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ’ ಎನ್ನುವುದು ವಾಯಿದೆಗೆ ಕಾನೂನು ಒಪ್ಪುವ ಕಾರಣವಲ್ಲ ಎಂಬುದು ನೆನಪಿರಲಿ.

ರಾಜಿಯ ವಿಷಯದಲ್ಲಿ ಮಾತ್ರ ಕೊನೆಯ ಮಾತು ನಿಮ್ಮದೇ. ಕಕ್ಷಿದಾರರ ಸೂಚನೆಯಿಲ್ಲದೆ ವಕೀಲರು ಹಕ್ಕು ಬಿಟ್ಟುಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಹಾಗಿದ್ದರೂ ವಕಾಲತ್ತಿನ ಅಚ್ಚಾದ ನಮೂನೆಯಲ್ಲಿ ‘ರಾಜಿ ಮಾಡಿಕೊಳ್ಳಲು’ ಎಂಬ ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಮ್ಮಲ್ಲಿ ಅದನ್ನು ಓದಿ ಸಹಿ ಹಾಕುವವರು ಕಡಿಮೆ.

ಖುದ್ದಾಗಿಯೇ ವಾದಿಸುವ ಹಟವಿದ್ದರೆ ವಕಾಲತ್ತು ರದ್ದುಪಡಿಸಬೇಕು. ‘ಬೇಡ’ ಎಂದು ಬಾಯಲ್ಲಿ ಹೇಳಿದರೆ ಸಾಲದು, ಸಹಿಯಿರುವ ಬರಹ ಮತ್ತು ನ್ಯಾಯಾಲಯದ ಅನುಮತಿ ಎರಡೂ ಬೇಕು. ಹಳೆಯ ವಕೀಲರ ನಿರಾಕ್ಷೇಪಣೆ ಕೇಳುವುದು ರೂಢಿ. ಫೀಸು ಬಾಕಿಯೆಂದು ಅವರು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ. ಇದೂ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದ ಮಾತು. ಆದರೆ ಪಾಟಿಸವಾಲಿನ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕಬೇಡಿ. ಅದಕ್ಕೂ ಮೊದಲು ಒಂದು ಸಂಜೆ ವಕೀಲರ ಕಚೇರಿಗೆ ಹೋಗಿ, ಅವತ್ತು ಏಕೆ ಸುಮ್ಮನಿದ್ದಿರಿ ಎಂದು ಅವರನ್ನೇ ಕೇಳಿ.

— ಸಂ.