ಅಮೆರಿಕದಲ್ಲಿ ಇಷ್ಟೊಂದು ಶೂಟಿಂಗ್ ಆಗೋದಕ್ಕೆ ಅಲ್ಲಿನ ಸಿನಿಮಾ, ವಿಡಿಯೋ ಗೇಮ್ ಕಾರಣವಾ, ಇಲ್ಲ ಗನ್ ಹುಚ್ಚು ಕಾರಣವಾ?

ನಾನು ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ, ಮನೆಯಲ್ಲಿ ಅಜ್ಜನ ಜೋಡು ನಳಿಗೆ ಕೋವಿ ಇತ್ತು. ಈಗ 11 ವರ್ಷದಿಂದ ಟೆಕ್ಸಾಸ್‌ನಲ್ಲಿದ್ದೇನೆ. ಇಲ್ಲಿ ಪಕ್ಕದ ಮನೆಯಲ್ಲಿ ಎಷ್ಟು ಗನ್ ಇದೆ ಅಂತ ಆ ಮನೆಯವರಿಗೇ ಲೆಕ್ಕ ಇರಲಿಕ್ಕಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಮುಂದೆ ಹೋಗಲು ಆಗಲಿಲ್ಲ.

ಸಿನಿಮಾ, ಗೇಮ್ ಮೇಲೆ ತಪ್ಪು ಹೊರಿಸುವುದು ಬಹುಪಾಲು ನೆಪ. ಗನ್ ಮೇಲೆ ಹೊರಿಸುವುದು ಸರಿ, ಆದರೆ ಅಲ್ಲೂ ಒಂದು ಮಾತು ಹೇಳುವುದಿದೆ.

ನೆಪ ಅಂತ ಯಾಕೆ ಹೇಳಿದೆ ಅಂದರೆ, 2019ರ ಆಗಸ್ಟ್ 3ರಂದು ನಮ್ಮ ರಾಜ್ಯದ ಎಲ್ ಪಾಸೋ ಊರಿನ ವಾಲ್‌ಮಾರ್ಟ್ ಅಂಗಡಿಗೆ ಒಬ್ಬ ರೈಫಲ್ ಹಿಡಿದು ನುಗ್ಗಿದ. ಒಟ್ಟು 23 ಜನ ಸತ್ತರು. ಯಾಕೆ ಕೊಲ್ಲುತ್ತೇನೆ ಅಂತ ಅವನೇ ಬರೆದಿಟ್ಟಿದ್ದ, ಮೆಕ್ಸಿಕೋ ಕಡೆಯಿಂದ ಬಂದವರ ಮೇಲಿನ ದ್ವೇಷ. ಎರಡು ದಿನ ಬಿಟ್ಟು ಅಧ್ಯಕ್ಷ ಟ್ರಂಪ್ ಟಿವಿಯಲ್ಲಿ ಮಾತಾಡುವಾಗ ಕಾರಣಗಳ ಪಟ್ಟಿಯಲ್ಲಿ ವಿಡಿಯೋ ಗೇಮ್ ಕೂಡ ಸೇರಿಸಿದರು. ಅದೇ ವಾರ ವಾಲ್‌ಮಾರ್ಟ್ ತನ್ನ ಅಂಗಡಿಗಳಿಗೆಲ್ಲ ಒಂದು ಸೂಚನೆ ಕಳಿಸಿತು. ಹೊಡೆದಾಟದ ಗೇಮ್‌ಗಳ ಪೋಸ್ಟರು, ಡೆಮೋ ಎಲ್ಲ ತೆಗೆದುಬಿಡಿ! ಗನ್ ಮಾತ್ರ ಮಾರಾಟಕ್ಕೆ ಹಾಗೇ ಇತ್ತು. ಮುಂದಿನ ತಿಂಗಳು ಪಿಸ್ತೂಲಿನ ಗುಂಡು ಮಾರುವುದು ನಿಲ್ಲಿಸುತ್ತೇವೆ ಅಂದರು ಅನ್ನಿ, ಬೇಟೆ ಬಂದೂಕು ಆಗಲೂ ಉಳಿಯಿತು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಜಪಾನಿನವರು ಗೇಮ್ ಆಡುವುದಿಲ್ಲವಾ? ಆ ಉದ್ಯಮದ ಅರ್ಧ ತವರುಮನೆಯೇ ಜಪಾನ್. ಅಲ್ಲಿ ಒಂದು ಶಾಟ್‌ಗನ್ ಬೇಕೆಂದರೆ ತರಗತಿಗೆ ಹೋಗಬೇಕು, ಲಿಖಿತ ಪರೀಕ್ಷೆ ಬರೆಯಬೇಕು, ಗುರಿ ಇಟ್ಟು ಹೊಡೆದು ತೋರಿಸಬೇಕು, ಡಾಕ್ಟರ ಪತ್ರ ತರಬೇಕು, ಇಷ್ಟೆಲ್ಲ ಆದಮೇಲೂ ಪೊಲೀಸರು ಬಂದು ನಿಮ್ಮ ಬಗ್ಗೆ ವಿಚಾರಿಸುತ್ತಾರೆ. ಪಿಸ್ತೂಲಿನ ಆಸೆ ಬಿಟ್ಟೇಬಿಡಬೇಕು. 2022ರಲ್ಲಿ ಅಲ್ಲಿನ ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನು ಕೊಂದವನು ಗನ್ ಸಿಗದೆ ಮನೆಯಲ್ಲೇ ಪೈಪು ಜೋಡಿಸಿ ಒಂದು ಮಾಡಿಕೊಂಡಿದ್ದ.

ಇನ್ನೊಂದು ಉದಾಹರಣೆ ನನ್ನ ತಲೆಯಿಂದ ಹೋಗುವುದೇ ಇಲ್ಲ. 2012ರ ಡಿಸೆಂಬರ್ 14. ಚೀನಾದ ಹೆನಾನ್ ಪ್ರಾಂತ್ಯದ ಒಂದು ಹಳ್ಳಿ ಶಾಲೆಗೆ ಒಬ್ಬ ಚಾಕು ಹಿಡಿದು ನುಗ್ಗಿ 20ಕ್ಕೂ ಹೆಚ್ಚು ಮಕ್ಕಳಿಗೆ ಇರಿದ. ಒಂದು ಮಗುವೂ ಸಾಯಲಿಲ್ಲ. ಅದೇ ದಿನ ಅಮೆರಿಕದ ಸ್ಯಾಂಡಿ ಹುಕ್ ಶಾಲೆಗೆ ಒಬ್ಬ ರೈಫಲ್ ಹಿಡಿದು ಹೋದ. 20 ಮಕ್ಕಳು, 6 ಜನ ಸಿಬ್ಬಂದಿ ಸತ್ತರು. ಹುಚ್ಚು ಎರಡೂ ಕಡೆ ಇತ್ತು ಅಲ್ವಾ?

ಈಗ ನಮ್ಮ ಕೊಡಗು. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿ ಒರೆಸಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ಪೂಜೆ ಮಾಡಿ, ಮಧ್ಯಾಹ್ನ ಹಂದಿ ಕರಿ, ಕಡುಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು) ಹೊಡೆದು, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ. ಗನ್ ಸಂಸ್ಕೃತಿ ಅಂದರೆ ಇದಕ್ಕಿಂತ ಇನ್ನೇನು ಬೇಕು? ಆದರೂ ಶಾಲೆಗೆ ನುಗ್ಗಿ ಮಕ್ಕಳನ್ನು ಕೊಲ್ಲುವುದು ನಮ್ಮಲ್ಲಿ ಯಾರ ತಲೆಗೂ ಬಂದಿಲ್ಲ. ನಮ್ಮ ಮನೆಯಲ್ಲಂತೂ ಕೋವಿ ಇದ್ದದ್ದು ಹಂದಿ ಗದ್ದೆಗೆ ಇಳಿದಾಗ ಈಡು ಹೊಡೆಯಲು, ಉಳಿದ ದಿನ ಗೋಡೆ ಕಪಾಟಿನಲ್ಲಿ ಬೀಗ.

ಕೊಡಗು ಸ್ವರ್ಗ ಅಂತ ಹೇಳುತ್ತಿಲ್ಲ. ಜಾಗದ ಗಲಾಟೆ, ಕುಡಿತ, ಕೈಗೆ ಸಿಗುವಷ್ಟು ಹತ್ತಿರ ಕೋವಿ, ಹೀಗೆ ಅಣ್ಣ ತಮ್ಮನನ್ನೇ ಹೊಡೆದ ಸುದ್ದಿ ನಮ್ಮ ಕಡೆಯ ಪೇಪರಿನಲ್ಲೂ ಬರುತ್ತದೆ. ತಾನೇ ಹೊಡೆದುಕೊಂಡವರ ಸುದ್ದಿಯೂ ಬರುತ್ತದೆ. ನಮ್ಮ ಅಜ್ಜಿಗೆ ಇದು ಯಾವ ಸಂಶೋಧನೆಯೂ ಇಲ್ಲದೆ ಗೊತ್ತಿತ್ತು. ಚಿಕ್ಕಪ್ಪ ಜಾಸ್ತಿ ಕುಡಿದು ಬಂದ ರಾತ್ರಿ ಅವರು ಒಂದು ಮಾತೂ ಆಡದೆ ತೋಟಾ ಇಟ್ಟ ಪೆಟ್ಟಿಗೆಯ ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಪಕ್ಕದ ಮನೆಗೆ ಹೋಗಿ ಮಲಗಿಬಿಡುತ್ತಿದ್ದರು.

ಅಮೆರಿಕದಲ್ಲಿ ಈ ಅಜ್ಜಿ ಇಲ್ಲ. ಜನರ ಕೈಯಲ್ಲಿ ಸುಮಾರು 39 ಕೋಟಿ ಗನ್ ಇದೆ ಅಂತ ಅಂದಾಜು, ಅಂದರೆ ಜನಸಂಖ್ಯೆಗಿಂತ ಜಾಸ್ತಿ. 2022ರಲ್ಲಿ ಗುಂಡಿಗೆ ಸತ್ತವರು 48,000ಕ್ಕೂ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಟಿವಿಯಲ್ಲಿ ಶಾಲೆ ಶೂಟಿಂಗ್ ಮಾತ್ರ ತೋರಿಸುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ.

ಇನ್ನು, ಗನ್ ಬಗ್ಗೆ ಹೇಳುವುದಿದೆ ಅಂದೆನಲ್ಲ, ಆ ಒಂದು ಮಾತು. ಇಲ್ಲಿ ಬದಲಾಗಿರುವುದು ಗನ್ ಇಟ್ಟುಕೊಳ್ಳುವ ಕಾರಣ. 1999ರಲ್ಲಿ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಿದಾಗ ಸುಮಾರು ಅರ್ಧ ಜನ ಬೇಟೆಗೆ ಅಂದಿದ್ದರು. 2023ರಲ್ಲಿ ಪ್ಯೂ ಅನ್ನುವ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ 100ಕ್ಕೆ 72 ಜನ ರಕ್ಷಣೆ ದೊಡ್ಡ ಕಾರಣ ಅಂದರು. ಅಂದರೆ ಹಂದಿ ಹೋಗಿ ಆ ಜಾಗಕ್ಕೆ ಮನುಷ್ಯ ಬಂದ. ಇದರಲ್ಲಿ ಸಿನಿಮಾಕ್ಕಿಂತ ಗನ್ ಜಾಹೀರಾತಿನ ಪಾಲು ದೊಡ್ಡದು ಅಂತ ನನ್ನ ಅನಿಸಿಕೆ. ಸ್ಯಾಂಡಿ ಹುಕ್‌ನಲ್ಲಿ ಬಳಸಿದ ರೈಫಲ್ಲಿಗೆ ಕಂಪನಿ ಕೊಟ್ಟ ಒಂದು ಜಾಹೀರಾತು, ಇದನ್ನು ಕೊಂಡರೆ ನಿಮ್ಮ ಗಂಡಸುತನದ ಕಾರ್ಡ್ ವಾಪಸ್ ಸಿಕ್ಕಿತು ಅನ್ನುವ ಅರ್ಥದ್ದು. ಸತ್ತವರ ಮನೆಯವರು ಇಂಥ ಪ್ರಚಾರದ ಮೇಲೆಯೇ ಕೇಸು ಹಾಕಿದರು. 2022ರಲ್ಲಿ ಆ ರೈಫಲ್ ಮಾಡಿದ ರೆಮಿಂಗ್ಟನ್ ಕಂಪನಿಯ ವಿಮಾದಾರರು 7.3 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು.

ಸಿನಿಮಾಕ್ಕೆ ಪೂರ್ತಿ ಕ್ಲೀನ್ ಚಿಟ್ ಕೊಡುತ್ತಿಲ್ಲ. ನಮ್ಮ ಕನ್ನಡದ ರೌಡಿ ಸಿನಿಮಾ ನೋಡಿ ಹುಡುಗರು ಲಾಂಗು ಹಿಡಿದು ರೀಲ್ಸ್ ಮಾಡುತ್ತಾರಲ್ಲ, ಪೊಲೀಸರು ಕೇಸು ಹಾಕುತ್ತಾರಲ್ಲ, ಆ ಗತ್ತು ತೆರೆಯಿಂದಲೇ ಬಂದದ್ದು. ಮೊದಲೇ ಕುದಿಯುತ್ತಿರುವವನಿಗೆ ಹೇಗೆ ನಿಲ್ಲಬೇಕು, ಏನು ಡೈಲಾಗ್ ಹೊಡೆಯಬೇಕು ಅಂತ ಸಿನಿಮಾ ಕಲಿಸಬಹುದು. ಗನ್ ತಂದುಕೊಡುವುದು ಅಂಗಡಿ.

ನಾವು ಮಗಳನ್ನು ಸ್ನೇಹಿತೆಯರ ಮನೆಗೆ ಆಡಲು ಕಳಿಸುವ ಮೊದಲು ಅವರ ತಾಯಂದಿರಿಗೆ ಫೋನ್ ಮಾಡಿ, ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿದೆಯಾ ಅಂತ ಕೇಳುತ್ತೇವೆ. ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಯಾವ ಗೇಮ್ ಆಡುತ್ತಾರೆ ಅಂತ ಇವತ್ತಿನವರೆಗೆ ಕೇಳಿಲ್ಲ. ಕಳೆದ ತಿಂಗಳು ಒಬ್ಬರು, "ಮೂರಿದೆ, ಮೂರೂ ಸೇಫ್ ಒಳಗಿದೆ, ಬೇಕಾದರೆ ಬಂದು ನೋಡಿ" ಅಂದರು. ನನ್ನ ಹೆಂಡತಿ ಹೋಗಿ ನೋಡಿಯೇ ಬಂದಳು.