ಅಚ್ಚು–ವಿನ್ಯಾಸ ಪ್ರಶ್ನೋತ್ತರ: ಒಡೆದ ಒತ್ತಕ್ಷರ, ಇಳಕಲ್ಲ ಕೆಂಪು, ಕರದಂಟಿನ ಡಬ್ಬಿ

ಪ್ರಶ್ನೆ: ವಚನಗಳ 96 ಪುಟದ ಪುಸ್ತಿಕೆ, ಡೆಮಿ 1/8, 1000 ಪ್ರತಿ. ಹಳೆಯ ನುಡಿ ತಂತ್ರಾಂಶದ ಫೈಲನ್ನು ಯೂನಿಕೋಡ್‌ಗೆ ಬದಲಿಸಿ ಇನ್‌ಡಿಸೈನ್‌ನಲ್ಲಿ ಹಾಕಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ನಿಂತಿವೆ. ಏನು ಮಾಡಲಿ? ಕಾಗದ ಎಷ್ಟು ತರಿಸಲಿ? — ಓದುಗರು, ವಿಜಯಪುರ

ವಚನಗಳನ್ನು ಹುಡುಕಿ ಸಂಗ್ರಹಿಸಿದ ಫ.ಗು. ಹಳಕಟ್ಟಿಯವರು 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಇಟ್ಟದ್ದೇ ವಚನ ಅಚ್ಚುಹಾಕಲಿಕ್ಕೆ. ಅದೇ ಊರಿಂದ ಬಂದ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇವೆ.

ಅಕ್ಷರ ಕೆಟ್ಟಿಲ್ಲ, ಅಕ್ಷರ ಜೋಡಿಸುವ ಕಂಪೋಸರ್ ಎಂಬ ಆಯ್ಕೆ ತಪ್ಪಿದೆ. ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್ ವಿಭಾಗಕ್ಕೆ ಹೋಗಿ 'ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿ. 'ಭಕ್' ಒಂದು ಕಡೆ, 'ತಿ' ಒಂದು ಕಡೆ ನಿಂತದ್ದು ತಾನಾಗಿ 'ಭಕ್ತಿ' ಆಗುತ್ತದೆ. ಒಂದೊಂದೇ ಪ್ಯಾರಾ ಹಿಡಿದು ಬದಲಿಸುತ್ತ ಕೂರಬೇಡಿ. ಸ್ಟೈಲಿನಲ್ಲಿ ಒಮ್ಮೆ ಇಟ್ಟರೆ ಸಾಕು.

ನಿಜವಾದ ಕಾಟ ಇದಲ್ಲ. ಅವಸರದಲ್ಲಿ ಟೈಪ್ ಮಾಡಿದವರು ಅರ್ಕಾವತ್ತಿನ ಜಾಗಕ್ಕೆ ಕನ್ನಡ ಅಂಕಿ ೯ನ್ನೂ, ಅನುಸ್ವಾರದ ಜಾಗಕ್ಕೆ ಅಂಕಿ ೦ಯನ್ನೂ ಒತ್ತಿರುತ್ತಾರೆ. 'ಧರ್ಮ' ಹೋಗಿ 'ಧಮ೯', 'ಸಂಗ' ಹೋಗಿ 'ಸ೦ಗ'. ಕೆಲವು ಫಾಂಟಿನಲ್ಲಿ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಫಾಂಟು ಬದಲಿಸಿದ ದಿನ ಆ ಸೊನ್ನೆ ದಪ್ಪಗೆ ಎದ್ದು ಕೂರುತ್ತದೆ, ಸಾಲಿನ ನಡುವೆ ಪದವೂ ತಪ್ಪಾಗಿ ತುಂಡಾಗುತ್ತದೆ. ಅಕ್ಷರದ ಬೆನ್ನಿಗೆ ಬಂದ ೦, ೯ಗಳನ್ನು ಹುಡುಕಿ ತೆಗೆಯಿರಿ. ಸೊನ್ನೆಯನ್ನು ನೇರವಾಗಿ ಬದಲಿಸಬಹುದು. ೯ ಹಾಗಲ್ಲ: 'ರ್' ಹಿಂದಿನ ವ್ಯಂಜನಕ್ಕೂ ಮುಂಚೆ ಬರಬೇಕು, ಆದ್ದರಿಂದ ಒಂದೊಂದನ್ನೂ ನೋಡಿಯೇ ತಿದ್ದಿ. ಕಣ್ಣುಮುಚ್ಚಿ 'ರಿಪ್ಲೇಸ್ ಆಲ್' ಒತ್ತಿದರೆ ವಚನದ ಸಂಖ್ಯೆ ೧೦ ಕೂಡ '೧ಂ'ನಂಥ ವಿಕಾರಕ್ಕೆ ತಿರುಗೀತು.

ಸಾಲಂತರ: 12 ಪಾಯಿಂಟ್ ಅಕ್ಷರಕ್ಕೆ 17–18 ಪಾಯಿಂಟ್ ಕೊಡಿ. ಇಂಗ್ಲಿಷಿನ ಲೆಕ್ಕದಲ್ಲಿ 14.4ಕ್ಕೆ ಬಿಟ್ಟರೆ 'ರಾಷ್ಟ್ರ', 'ಲಕ್ಷ್ಮಿ'ಗಳ ಎರಡಂತಸ್ತಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪಠ್ಯದ ಕಪ್ಪು ಬರೀ ಕೆ 100 (ಕಪ್ಪು ಶಾಯಿ ಮಾತ್ರ) ಇರಲಿ. ಫೋಟೊಶಾಪ್‌ನಲ್ಲಿ ಮಾಡಿದ ಆರ್‌ಜಿಬಿ ಕಪ್ಪು, ಅಚ್ಚಿನ ನಾಲ್ಕು ಶಾಯಿಗಳ ಸಿಎಂವೈಕೆಗೆ ತಿರುಗುವಾಗ ಸಾಮಾನ್ಯವಾಗಿ 75, 68, 67, 90 ಎಂದು ನಾಲ್ಕು ಪ್ಲೇಟಿಗೂ ಹಂಚಿಹೋಗುತ್ತದೆ. ಯಾವುದೇ ಒಂದು ಪ್ಲೇಟು ಕೂದಲೆಳೆ ಸರಿದರೂ ಅಕ್ಷರಕ್ಕೆ ನೆರಳು ಬರುತ್ತದೆ.

ಕಾಗದದ ಲೆಕ್ಕ: 23×36 ಇಂಚಿನ ಒಂದು ಹಾಳೆಗೆ ಡೆಮಿ 1/8ರ 32 ಪುಟ. 96 ಪುಟಕ್ಕೆ 3 ಹಾಳೆ, 1000 ಪ್ರತಿಗೆ 3000 ಹಾಳೆ, ಅಂದರೆ 500ರ 6 ರೀಮು. ಒಂದು ರೀಮಿನ ತೂಕ ತೆಗೆಯಲು ಉದ್ದ × ಅಗಲ × ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ) ಗುಣಿಸಿ 3100ರಿಂದ ಭಾಗಿಸಿ. 70 ಜಿಎಸ್‌ಎಂಗೆ ಸುಮಾರು 18.7 ಕೆಜಿ, ಆರಕ್ಕೆ 112 ಕೆಜಿ. ಮಷಿನ್ ಸೆಟ್ಟಿಂಗಿನ ವೇಸ್ಟೇಜ್ ಬೇರೆ; ಪ್ರೆಸ್ಸಿನವರನ್ನು ಕೇಳಿ ಸೇರಿಸಿಕೊಳ್ಳಿ.

ಪ್ರಶ್ನೆ: ಸೀರೆ ಡಬ್ಬಿಗೆ ಟೋಪ್ ತೆನಿ ಸೆರಗಿನ ಕೆಂಪು ಹಾಕಿದೆ. ಸ್ಕ್ರೀನಿನಲ್ಲಿ ಝಗಮಗ, ಅಚ್ಚಿನಲ್ಲಿ ಇಟ್ಟಿಗೆ ಬಣ್ಣ. ಕಸೂತಿಯ ಗೆರೆಗಳೂ ಮುದ್ದೆಯಾಗಿವೆ. — ಓದುಗರು, ಇಳಕಲ್ಲ

ಇಟ್ಟಿಗೆ ಬಣ್ಣಕ್ಕೆ ಕಾರಣ ಆ ಕೆಂಪಿನೊಳಗೆ ನುಸುಳಿದ ಸಯಾನ್. ಮಜೆಂತಾ 100, ಹಳದಿ 85ರ ಹತ್ತಿರ ಇಟ್ಟು, ಸಯಾನನ್ನು 5ರ ಒಳಗೆ ಇಳಿಸಿ, ಗಾಢತೆಗೆ ಕಪ್ಪು 15–20 ಕೊಟ್ಟು ಪ್ರೂಫ್ ತೆಗೆಸಿ. ಮ್ಯಾಟ್ ಲ್ಯಾಮಿನೇಶನ್ ಮಾಡಿಸುವುದಾದರೆ ಪ್ರೂಫಿಗೂ ಅದನ್ನೇ ಹಚ್ಚಿಸಿ ನೋಡಿ. ಕೆಂಪು ಒಂದು ಮೆಟ್ಟಿಲು ಮಂಕಾಗುತ್ತದೆ. ಹೋಲಿಸುವುದು ಸೀರೆಯ ಜೊತೆ, ಹಗಲು ಬೆಳಕಿನಲ್ಲಿ. ಮೊಬೈಲಿನ ಫೋಟೊ ಜೊತೆ ಬೇಡ.

ಆದರೆ ನಾಲ್ಕು ಬಣ್ಣ ಏಕೆ ಬೇಕು ಎಂಬುದೇ ನಮ್ಮ ಪ್ರಶ್ನೆ. ಟೋಪ್ ತೆನಿ ಎಂದರೆ ಕೆಂಪು ಮತ್ತು ಬಿಳಿ. ಬಿಳಿ ಕಾಗದದ್ದೇ ಇದೆ. ಕೆಂಪನ್ನು ಸ್ಪಾಟ್ ಶಾಯಿಯಾಗಿ, ಅಂದರೆ ಮೊದಲೇ ಬೆರೆಸಿದ ಒಂದೇ ಶಾಯಿಯಾಗಿ ಕಲಸಿಸಿ, ಅಕ್ಷರಕ್ಕೆ ಕಪ್ಪು. ಎರಡೇ ಪ್ಲೇಟು, ಪ್ರತಿ ಸಲವೂ ಅದೇ ಕೆಂಪು.

ಕಸೂತಿಯ ಮುದ್ದೆಗೂ ಅರ್ಧ ಪರಿಹಾರ ಇದರಲ್ಲೇ ಇದೆ. ನಾಲ್ಕು ಬಣ್ಣದ ಕೆಂಪಿನೊಳಗೆ ಬಿಟ್ಟ ಬಿಳಿ ಗೆರೆ ರಿಜಿಸ್ಟ್ರೇಶನ್ (ಪ್ಲೇಟುಗಳ ಹೊಂದಿಕೆ) ಸರಿದರೆ ತುಂಬಿಹೋಗುತ್ತದೆ, ಒಂದೇ ಶಾಯಿಯಲ್ಲಿ ಆ ಭಯವಿಲ್ಲ. ಇನ್ನರ್ಧ ತಪ್ಪು ಫೋಟೊ ಹಾಕಿ ಆಟೊ-ಟ್ರೇಸ್ ಮಾಡಿದ್ದು. ಕಸೂತಿ ಎಳೆ ಎಣಿಸಿ ಹಾಕುವ ಹೊಲಿಗೆ, ಅದನ್ನು ಎಣಿಸಿಯೇ ಬರೆಯಬೇಕು. ಕೋರೆಲ್‌ನಲ್ಲಿ 1.5 ಮಿಮೀ ಗ್ರಿಡ್ ಇಟ್ಟು ಸ್ನ್ಯಾಪ್ ಹಚ್ಚಿ. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿ ನೇರ ಓಟದ ಗೆರೆ, ಮುರ್ಗಿ ಮೆಟ್ಟಿಲು, ಮೆಂಥೆ ಪ್ರತಿ ಚೌಕದಲ್ಲೊಂದು ಕತ್ತರಿ ಗುರುತು, ನೇಯ್ಗೆಗೆ ಒತ್ತಾದ ಸಮಾಂತರ ಗೆರೆ. ಬಿಳಿ ಗೆರೆ 0.75 ಪಾಯಿಂಟಿಗಿಂತ ಸಣ್ಣದು ಬೇಡ.

ಪ್ರಶ್ನೆ: ಕರದಂಟಿನ ಡಬ್ಬಿಗೆ ವಾರದೊಳಗೆ ತುಪ್ಪದ ಕಲೆ. ಹೊರಗೆ ಲ್ಯಾಮಿನೇಶನ್ ಇದ್ದರೂ ಹೀಗೆ. ಅಂಟೂ ಬಿಡುತ್ತದೆ. — ಓದುಗರು, ಅಮೀನಗಡ

ತುಪ್ಪ ಬರುವುದು ಒಳಗಿನಿಂದ, ಲ್ಯಾಮಿನೇಶನ್ ಇರುವುದು ಹೊರಗೆ. ಬೂದು ಬೆನ್ನಿನ ಡ್ಯುಪ್ಲೆಕ್ಸ್ ಬೋರ್ಡು ರದ್ದಿಯಿಂದ ಆದದ್ದು, ಜಿಡ್ಡು ಹೀರುತ್ತದೆ. ತಿನಿಸು ಅದನ್ನು ಮುಟ್ಟಲೇಬಾರದು. ಒಳಗೆ ಆಹಾರ ದರ್ಜೆಯ ಗ್ರೀಸ್‌ಪ್ರೂಫ್ ಕಾಗದ ಅಥವಾ ಮುಚ್ಚಿದ ಪೌಚು ಇರಲಿ. ಅಂಟು ಬಿಡುವುದು ಅಂಟುಪಟ್ಟಿಯ ಮೇಲೂ ಶಾಯಿ, ಲ್ಯಾಮಿನೇಶನ್ ಹರಡಿದ್ದಕ್ಕೆ: ಡೈ-ಲೈನಿನಲ್ಲಿ (ಡಬ್ಬಿ ಕತ್ತರಿಸುವ, ಮಡಿಸುವ ಗೆರೆಗಳ ನಕ್ಷೆ) ಆ ಪಟ್ಟಿಯನ್ನು ಖಾಲಿ ಬಿಡಿ, ಬಣ್ಣ 2–3 ಮಿಮೀ ಮಾತ್ರ ಒಳಗೆ ಹೋಗಲಿ. ಹಸಿರು ಚುಕ್ಕೆಯ ಗುರುತು, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರುಗಳನ್ನು ಮಡಿಕೆಯ ಮೇಲೆ ಇಡಬೇಡಿ.

ಪ್ರಶ್ನೆ: ಗಿರಾಕಿಗಳಿಗೆ ಮಾಡಿದ್ದು ಬರೀ ಬಿಲ್ ಬುಕ್, ಲಗ್ನಪತ್ರಿಕೆ. ಸ್ವಂತಕ್ಕೆ ಮಾಡಿದ ಪೋಸ್ಟರುಗಳು ಚೆಂದ ಇವೆ. ಪೋರ್ಟ್‌ಫೋಲಿಯೊದಲ್ಲಿ ಯಾವುದನ್ನು ಮುಂದಿಡಲಿ? — ವಿದ್ಯಾರ್ಥಿ, ಬೆಳಗಾವಿ

ಬಿಲ್ ಬುಕ್ಕನ್ನೇ! ಕಾರ್ಬನ್‌ರಹಿತ ಕಾಗದದ ಮೂರು ಪ್ರತಿ, ನಂಬರಿಂಗ್, ಹರಿಯುವ ತೂತಿನ ಸಾಲು, ಹೊಲಿಗೆಗೆ ಬಿಟ್ಟ ಅಂಚು — ಇಷ್ಟನ್ನು ಸರಿಯಾಗಿ ಕೂರಿಸಿದವನಿಗೆ ಪ್ರೆಸ್ಸಿನ ಕೆಲಸ ಗೊತ್ತು ಎಂದು ನೋಡಿದವರಿಗೆ ತಿಳಿಯುತ್ತದೆ. ಕನ್ನಡ–ಮರಾಠಿ ಲಗ್ನಪತ್ರಿಕೆ ಇದ್ದರೆ ಅದು ಎರಡನೆಯದು. ಒಂದೇ ಪಾಯಿಂಟ್ ಕೊಟ್ಟರೂ ಎರಡು ಲಿಪಿ ಒಂದೇ ಗಾತ್ರ ಕಾಣುವುದಿಲ್ಲ. ಎತ್ತರವನ್ನು ಕಣ್ಣಳತೆಯಲ್ಲಿ ಹೇಗೆ ಸರಿದೂಗಿಸಿದಿರಿ ಎಂದು ಹತ್ತಿರದ ಫೋಟೊದಲ್ಲಿ ತೋರಿಸಿ. ಪೋಸ್ಟರುಗಳಲ್ಲಿ ಮೂರು ನಾಲ್ಕು ಸಾಕು, ಒಟ್ಟು 10–12 ದಾಟಬೇಡಿ. ಪ್ರತಿಯೊಂದರ ಕೆಳಗೆ 'ಗಿರಾಕಿ ಕೆಲಸ' ಅಥವಾ 'ಸ್ವಂತ' ಎಂದು ಬರೆಯಿರಿ. ಹೆಸರಾದ ಕಂಪನಿಗೆ ಸುಮ್ಮನೆ ಮಾಡಿದ ಲೋಗೊವನ್ನು ಗಿರಾಕಿ ಕೆಲಸದ ಸಾಲಿಗೆ ಸೇರಿಸುವುದು ಸುಳ್ಳು, ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಕಂಪ್ಯೂಟರಿನಲ್ಲಿ ಕೂರಿಸಿದ ಮಾಕಪ್ ಚಿತ್ರ ಬೇಡ. ಅಚ್ಚಾದ ಪ್ರತಿಯನ್ನೇ ಕಿಟಕಿ ಬೆಳಕಿನಲ್ಲಿಟ್ಟು ಫೋಟೊ ತೆಗೆಯಿರಿ. ಸಂಬಳಕ್ಕಿದ್ದಾಗ ಮಾಡಿದ ಕೆಲಸಕ್ಕೆ, ಬೇರೆ ಕರಾರು ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಮಾಲೀಕರದು. ತೋರಿಸುವ ಮುಂಚೆ ಒಂದು ಸಾಲಿನ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಬಿಲ್ ಬುಕ್ಕಿನ ಫೋಟೊದಲ್ಲಿ ಅಂಗಡಿಯ ಫೋನ್ ನಂಬರು, ಜಿಎಸ್‌ಟಿ ನಂಬರು ಮುಚ್ಚಿರಬೇಕು.