ಆಕಳ ಲೆಕ್ಕ ಕುದುರೆಗೆ ಹಿಡಿಯಬೇಡಿ
ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಣ್ಣು ಕುದುರೆ ಸಾಕುವವರದ್ದೇ ಹೆಚ್ಚು. ಹೆಚ್ಚಿನವರು ಮೊದಲಿನಿಂದ ಎಮ್ಮೆ, ಆಕಳು ಕಟ್ಟಿದವರು. ಆ ಅನುಭವ ದೊಡ್ಡದೇ, ಆದರೆ ಕುದುರೆಯ ವಿಷಯದಲ್ಲಿ ಅದೇ ಕೆಲವು ಕಡೆ ದಾರಿ ತಪ್ಪಿಸುತ್ತಿದೆ. ಹಾಗಾಗಿ ಉತ್ತರಗಳು ತುಸು ಉದ್ದವಾಗಿವೆ.

ಪ್ರಶ್ನೆ: 4 ವರ್ಷದ್ದೆಂದು ಹೇಳಿ ಒಂದು ಹೆಣ್ಣು ಕುದುರೆ ಮಾರಲು ಬಂದಿದ್ದಾರೆ. ವಯಸ್ಸು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಕೂಡಲೇ ಗಬ್ಬ ಕಟ್ಟಿಸಬಹುದೇ? (ಲಿಂಗಸುಗೂರು)

ಮುಂದಿನ ಹಲ್ಲು ನೋಡಿ. ನಡುವಿನ ಜೋಡಿ ಹಾಲುಹಲ್ಲು ಬಿದ್ದು ಗಟ್ಟಿಹಲ್ಲು ಬರುವುದು ಎರಡೂವರೆ ವರ್ಷಕ್ಕೆ, ಅದರ ಪಕ್ಕದ ಜೋಡಿ ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ. ಹೇಳಿದ ವಯಸ್ಸು ನಿಜವಾಗಿದ್ದರೆ ಮೂಲೆಯ ಹಾಲುಹಲ್ಲು ಇನ್ನೂ ಇರಬೇಕು. ಅದು ಚಿಕ್ಕದು, ಹೆಚ್ಚು ಬೆಳ್ಳಗೆ, ಬುಡದಲ್ಲಿ ಸಣಕಲು. ಕೋರೆಹಲ್ಲು ಕಾಣದಿದ್ದರೆ ಗಾಬರಿ ಬೇಡ. ಹೆಣ್ಣಿಗೆ ಅದು ಸಾಮಾನ್ಯವಾಗಿ ಬರುವುದಿಲ್ಲ, ಬಂದರೂ ಮೊಳಕೆಯಷ್ಟು.

ಒಂದೂವರೆ ವರ್ಷಕ್ಕೇ ಬೆದೆಗೆ ಬರಬಹುದು, ಆದರೆ ಎಲುಬು 4–5 ವರ್ಷದವರೆಗೂ ಬೆಳೆಯುತ್ತಿರುತ್ತದೆ. 4 ತುಂಬಿದ ಮೇಲೆಯೇ ಗಂಡು ಬಿಡಿ. ಕೊಳ್ಳುವ ಮೊದಲು ಕೆಚ್ಚಲು ಮುಟ್ಟಿ ನೋಡಿ. ತೊಟ್ಟು ಎರಡೇ ಇರುತ್ತವೆ. ಮುಟ್ಟಿದರೆ ಒದೆಯುವ ಕುದುರೆ ನಾಳೆ ಮರಿಗೂ ಸುಲಭಕ್ಕೆ ಹಾಲು ಬಿಡದಿರಬಹುದು.

ಪ್ರಶ್ನೆ: ನಮ್ಮಲ್ಲಿ 4 ಹೆಣ್ಣು ಕುದುರೆಗಳಿವೆ. ಎಲ್ಲಕ್ಕಿಂತ ಹಿರಿಯದು ಉಳಿದವನ್ನು ಮೇವಿನ ಹತ್ತಿರ ಬಿಡುವುದಿಲ್ಲ, ಕಚ್ಚುತ್ತದೆ. ಬೇರೆ ಕಟ್ಟಬೇಕೇ? (ಗಂಗಾವತಿ)

ಬೇರೆ ಕಟ್ಟಿದರೆ ಎರಡನೆಯದು ಅದರ ಜಾಗಕ್ಕೆ ಬರುತ್ತದೆ, ಅಷ್ಟೇ. ಕುದುರೆಯ ಗುಂಪೆಂದರೆ ಕೆಲವು ಹೆಣ್ಣು, ಅವುಗಳ ಮರಿ, ಒಂದು ಗಂಡು. ಗಂಡಿನ ಕೆಲಸ ಬಹುಮಟ್ಟಿಗೆ ಕಾವಲು. ನೀರಿಗೆ ಯಾವಾಗ, ಯಾವ ಹುಲ್ಲಿಗೆ ಎಂಬುದರಲ್ಲಿ ಹಿರಿಯ ಹೆಣ್ಣಿನ ಮಾತು ನಡೆಯುವುದು ಹೆಚ್ಚು, ಆಗಾಗ ಉಳಿದವೂ ಮುಂದೆ ಹೆಜ್ಜೆ ಇಡುತ್ತವೆ. ಆ ಕ್ರಮ ಗಟ್ಟಿಯಾಗಿದ್ದರೆ ಕಿವಿ ಹಿಂದಕ್ಕೆ ಮಡಚುವುದರಲ್ಲೇ ಜಗಳ ಮುಗಿಯುತ್ತದೆ. ನಿಮ್ಮಲ್ಲಿ ಕಚ್ಚುವವರೆಗೆ ಹೋಗುತ್ತಿದೆಯೆಂದರೆ ಮೇವಿನ ಜಾಗ ಇಕ್ಕಟ್ಟಾಗಿದೆ.

ಒಂದೇ ಗೋದಲಿ ಬಿಟ್ಟು ನೆಲದ ಮೇಲೆ 5 ಗುಡ್ಡೆ ಮೇವು ಹಾಕಿ: ಕುದುರೆ ಎಷ್ಟೋ ಅದಕ್ಕಿಂತ ಒಂದು ಹೆಚ್ಚು, ನಡುವೆ 5 ಮೀಟರಾದರೂ ಅಂತರ. ನೀರಿನ ತೊಟ್ಟಿ ಎರಡಿರಲಿ. ಎಲ್ಲದಕ್ಕಿಂತ ಕೊನೆಗೆ ನೀರು ಕುಡಿಯುವುದು ಯಾವುದೆಂದು ನಾಲ್ಕು ದಿನ ಗಮನಿಸಿ. ಪಕ್ಕೆಲುಬು ಮೊದಲು ಕಾಣುವುದು ಅದರದ್ದೇ, ಅದಕ್ಕೆ ಮಾತ್ರ ಕಾಳು ಬೇರೆಡೆ ತಿನ್ನಿಸಿ. ಹೊಸ ಕುದುರೆ ತಂದರೆ ಒಂದು ವಾರ ಬೇಲಿಯ ಆಚೆಯಿಂದ ಮುಖ ನೋಡಲು ಬಿಟ್ಟು ಆಮೇಲೆ ಕೂಡಿಸಿ.

ಪ್ರಶ್ನೆ: ಬೆದೆ ಕಂಡ ದಿನವೇ ಗಂಡು ಕುದುರೆ ಹತ್ತಿರ ಒಯ್ದೆವು. ಮೂರು ಸಲವೂ ಗಬ್ಬ ನಿಲ್ಲಲಿಲ್ಲ. ದೋಷ ಯಾವುದರಲ್ಲಿ? (ಕುಷ್ಟಗಿ)

ದೋಷ ದಿನದ ಲೆಕ್ಕದಲ್ಲಿ ಇದ್ದೀತು. ಆಕಳಿನ ಬೆದೆ ಒಂದು ದಿನದೊಳಗೆ ಇಳಿಯುತ್ತದೆ, ಅದಕ್ಕೇ ಅಲ್ಲಿ ಅವಸರ. ಕುದುರೆಯ ಸುತ್ತು 21 ದಿನದ್ದೇ ಆದರೂ ಬೆದೆ 5ರಿಂದ 7 ದಿನ ನಿಲ್ಲುತ್ತದೆ, ಅಂಡ ಬಿಡುಗಡೆಯಾಗುವುದು ಬೆದೆ ಇಳಿಯುವ 1–2 ದಿನ ಮೊದಲು. ಮೊದಲ ದಿನ ಬಿದ್ದ ವೀರ್ಯ ಅಷ್ಟು ಹೊತ್ತು ಕಸುವು ಉಳಿಸಿಕೊಳ್ಳುವುದು ಕಷ್ಟ. ಬಾಲ ಎತ್ತುವುದು, ಮತ್ತೆ ಮತ್ತೆ ಸ್ವಲ್ಪ ಸ್ವಲ್ಪವೇ ಗಂಜಲ ಬಿಡುವುದು, ಯೋನಿಯ ತುಟಿ ಮಿಟುಕಿಸುವುದು, ಗಂಡನ್ನು ಕಂಡು ಹಿಂಗಾಲು ಅಗಲಿಸಿ ನಿಲ್ಲುವುದು ಗುರುತು. ಇವು ಕಂಡ 3ನೇ ದಿನದಿಂದ ದಿನ ಬಿಟ್ಟು ದಿನ ಒಯ್ಯಿರಿ, ಕುದುರೆ ತಾನೇ ಒಲ್ಲೆನ್ನುವವರೆಗೆ.

ಗಂಡು ಬಿಟ್ಟು 14–16 ದಿನಕ್ಕೆ ಸ್ಕ್ಯಾನ್ ಮಾಡಿಸಿ. ಅವಳಿ ಇದ್ದರೆ ತಿಳಿಯುವುದು ಆಗಲೇ. ಕುದುರೆಯ ಗರ್ಭಕೋಶಕ್ಕೆ ಎರಡನ್ನು ಪೋಷಿಸುವ ಶಕ್ತಿ ಇಲ್ಲ, ಹೆಚ್ಚಿನವು ಕಂದು ಹಾಕುತ್ತವೆ. ಆ ಹಂತದಲ್ಲಿ ವೈದ್ಯರು ಒಂದನ್ನು ತೆಗೆದು ಇನ್ನೊಂದನ್ನು ಉಳಿಸಬಲ್ಲರು. ಗಬ್ಬದ ಅವಧಿ ಸುಮಾರು 340 ದಿನ. ನಮ್ಮ ಬಿಸಿಲಿಗೆ ಸೆಪ್ಟೆಂಬರ್‌ನಲ್ಲಿ ಗಂಡು ಬಿಡುವುದೇ ಮೇಲು: ಮರುವರ್ಷ ಆಗಸ್ಟ್‌ನಲ್ಲಿ ಮರಿ ಹುಟ್ಟಿದಾಗ ಹಸಿರು ಹುಲ್ಲು ಇರುತ್ತದೆ. ಫೆಬ್ರವರಿಯ ಮರಿಗೆ ತಾಯಿಯ ಹಾಲು ಹೆಚ್ಚಬೇಕಾದ ಹೊತ್ತಿಗೆ ಬೇಸಿಗೆ ಸುಡುತ್ತಿರುತ್ತದೆ.

ಪ್ರಶ್ನೆ: ಕುದುರೆ 8 ತಿಂಗಳ ಗಬ್ಬ, ತೂಕ ಸುಮಾರು 300 ಕೆ.ಜಿ. ರೈಸ್ ಮಿಲ್ ಹತ್ತಿರ ಇರುವುದರಿಂದ ದಿನಕ್ಕೆ 3 ಕೆ.ಜಿ. ತೌಡು, ಜೊತೆಗೆ ಭತ್ತದ ಹುಲ್ಲು, ಹಸಿ ಜೋಳದ ಮೇವು. ಎಮ್ಮೆಗೂ ಇದೇ. ಸಾಕೇ? (ಸಿಂಧನೂರು)

ದಯವಿಟ್ಟು ಇಂದಿನಿಂದಲೇ ಬದಲಿಸಲು ಶುರುಮಾಡಿ. ಎಮ್ಮೆಗೆ ಹಾಕುವ ಈ ಮೇವು ಗಬ್ಬದ ಕುದುರೆಗೆ ಎರಡು ಕಡೆಯಿಂದ ಕೆಡುಕು.

ಮೊದಲು ತೌಡು. 1 ಕೆ.ಜಿ. ಅಕ್ಕಿ ತೌಡಿನಲ್ಲಿ ರಂಜಕ (ಫಾಸ್ಫರಸ್) ಸುಮಾರು 15 ಗ್ರಾಂ, ಕ್ಯಾಲ್ಸಿಯಂ 1 ಗ್ರಾಂ ಆಸುಪಾಸು. ಅಂದರೆ 3 ಕೆ.ಜಿ.ಯಲ್ಲಿ 45 ಗ್ರಾಂ ರಂಜಕ, 3 ಗ್ರಾಂ ಕ್ಯಾಲ್ಸಿಯಂ. ಕುದುರೆಗೆ ಬೇಕಾದದ್ದು ಇದರ ತಿರುಗುಮುರುಗು: ಕ್ಯಾಲ್ಸಿಯಂ 20 ಗ್ರಾಂಗೂ ಮೇಲೆ, ರಂಜಕ 15ರ ಸುಮಾರು. ರಂಜಕ ಹೆಚ್ಚಾದರೆ ಕ್ಯಾಲ್ಸಿಯಂ ಕರುಳಿನಲ್ಲಿ ಹೀರುವುದಿಲ್ಲ, ದೇಹ ತನ್ನ ಎಲುಬಿನಿಂದಲೇ ಅದನ್ನು ತೆಗೆಯತೊಡಗುತ್ತದೆ. ಭತ್ತದ ಹುಲ್ಲಿನ ಆಕ್ಸಲೇಟ್ ಉಳಿದ ಚೂರನ್ನೂ ಹಿಡಿದಿಡುತ್ತದೆ. ಮೊದಲು ಕಾಲು ಬದಲಿಸಿ ಬದಲಿಸಿ ಕುಂಟುವುದು, ಆಮೇಲೆ ಅಗಿಯಲು ಕಷ್ಟ. ಕೊನೆಗೆ ಮೂಗಿನ ಎರಡೂ ಪಕ್ಕ, ದವಡೆಯ ಹಲ್ಲಿನ ಮೇಲೆ ಎಲುಬು ಉಬ್ಬಿ ಮುಖ ದಪ್ಪವಾಗುತ್ತದೆ. ಹೊಟ್ಟೆಯ ಮರಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಈ ಕೊನೆಯ 3 ತಿಂಗಳಲ್ಲೇ.

ಎರಡನೆಯದು ಹಸಿ ಜೋಳ. ಎಳೆಯದು, ಮಳೆ ತಪ್ಪಿ ಬಾಡಿದ್ದು, ಕೊಯ್ದ ಮೇಲೆ ಚಿಗುರಿದ ಕೂಳೆ, ಇವುಗಳಲ್ಲಿ ಸಯನೈಡ್ ಆಗುವ ವಿಷವಿದೆ. ಆಕಳಾದರೆ ಅಲ್ಲೇ ಬಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಕುದುರೆಯಲ್ಲಿ ವಾರಗಟ್ಟಲೆ ತಿಂದ ಮೇಲೆ ಬೆನ್ನುಹುರಿ ಸವೆದು ಹಿಂಗಾಲು ತೂರಾಡುತ್ತದೆ, ಗಂಜಲ ತಡೆಯಲಾಗದೆ ತೊಟ್ಟಿಕ್ಕಿ ತೊಡೆ ಸುಟ್ಟ ಹಾಗೆ ಆಗುತ್ತದೆ. ಗಬ್ಬದ್ದು ಕಂದು ಹಾಕಬಹುದು, ಇಲ್ಲವೇ ಕೀಲು ಸೆಟೆದ ಮರಿ ಹುಟ್ಟಬಹುದು. ಕೆಟ್ಟ ನರ ಮತ್ತೆ ಸರಿಹೋಗುವುದು ಅಪರೂಪ. ಚೆನ್ನಾಗಿ ಒಣಗಿದ ಹಿಂಗಾರಿ ಜೋಳದ ಕಣಕಿಗೆ ಈ ಭಯವಿಲ್ಲ.

10 ದಿನದಲ್ಲಿ ಮೆಲ್ಲಗೆ ಹೀಗೆ ಬದಲಿಸಿ: ಒಣ ಕಣಕಿ 3–4 ಕೆ.ಜಿ., ಒಣಗಿಸಿದ ಕುದುರೆಮಸಾಲೆ (ಲೂಸರ್ನ್) ಸೊಪ್ಪು 2 ಕೆ.ಜಿ., ರಾತ್ರಿ ನೆನೆಸಿ ಬೇಯಿಸಿದ ಹುರುಳಿ 1 ಕೆ.ಜಿ. (ಒಣಕಾಳಿನ ತೂಕ), ತೌಡು ಅರ್ಧ ಕೆ.ಜಿ. ದಾಟದ ಹಾಗೆ, ಉಪ್ಪು 30 ಗ್ರಾಂ, ಮೇವಿಗೆಂದೇ ಮಾರುವ ಸುಣ್ಣಕಲ್ಲಿನ ಪುಡಿ 30 ಗ್ರಾಂ. ಎಲೆಗೆ ಹಚ್ಚುವ ಸುಣ್ಣವಲ್ಲ, ಅದು ಬಾಯಿ ಸುಡುತ್ತದೆ. ಸೊಪ್ಪಿನ ಬದಲು ಶೇಂಗಾ ಹೊಟ್ಟು ಹಾಕುವವರು ಒಂದು ಹಿಡಿ ಝಾಡಿಸಿ ನೋಡಿ. ಬಿಳಿ ದೂಳು ಎದ್ದರೆ, ಮುಗ್ಗಲು ವಾಸನೆ ಬಂದರೆ ಚೆಲ್ಲಿಬಿಡಿ.

ಕೋಳಿ ಫಾರ್ಮಿನ ಆಹಾರ ಮಾತ್ರ ಒಂದು ಮುಷ್ಟಿಯೂ ಬೇಡ. ಕೋಳಿಗೆ ಬೆರೆಸುವ ಮೊನೆನ್ಸಿನ್ ಔಷಧ ಕುದುರೆಯ ಹೃದಯವನ್ನೇ ಕೊಲ್ಲುತ್ತದೆ.

ಪ್ರಶ್ನೆ: ವಿಜಯನಗರದ ಅರಸರು ವರ್ಷವರ್ಷವೂ ಕಡಲಾಚೆಯಿಂದ ಕುದುರೆ ತರಿಸುತ್ತಿದ್ದರಂತೆ. ಹೆಣ್ಣು ಕುದುರೆ ಸಾಕಿ ಇಲ್ಲೇ ಏಕೆ ಬೆಳೆಸಲಿಲ್ಲ? (ಆನೆಗೊಂದಿ)

16ನೇ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಪರ್ಷಿಯನ್ ಕೊಲ್ಲಿಯ ಹೊರ್ಮುಜ್ ಕಡೆಯವೂ ದೇಶೀಯವೂ ಅದರಲ್ಲಿ ಸೇರಿವೆ. ಹಾಗಾಗಿ ಇಲ್ಲಿ ಮರಿಯೇ ಆಗುತ್ತಿರಲಿಲ್ಲವೆಂದು ತಿಳಿಯಬೇಕಿಲ್ಲ. ಭೀಮಾ ತೀರದ ಭೀಮಥಡಿ ತಳಿ ಇಂದಿಗೂ ಉಳಿದಿದೆ. ಅದು ಗಟ್ಟಿ, ಆದರೆ ಗಿಡ್ಡ. ಕವಚ ತೊಟ್ಟ ಸವಾರನಿಗೆ ಎತ್ತರದ್ದೇ ಬೇಕಿತ್ತು.

ಅದಕ್ಕೂ ಮೊದಲು ತಮಿಳು ಕರಾವಳಿ ಕಂಡ ಮಾರ್ಕೊ ಪೋಲೊ, ಒಳ್ಳೆಯ ಗಂಡಿಗೆ ಒಳ್ಳೆಯ ಹೆಣ್ಣು ಕೂಡಿಸಿದರೂ ಸೊಟ್ಟಗಾಲಿನ ಮರಿ ಹುಟ್ಟುತ್ತದೆ ಎಂದ; ಕುದುರೆಗೆ ಅಲ್ಲಿ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಾರೆ ಎಂದೂ ಹೇಳಿದ. ಎರಡರಲ್ಲೂ ರಂಜಕಕ್ಕೆ ಹೋಲಿಸಿದರೆ ಕ್ಯಾಲ್ಸಿಯಂ ತೀರ ಕಡಿಮೆ. ಸಿಂಧನೂರಿನವರಿಗೆ ಕೊಟ್ಟ ಉತ್ತರವನ್ನು ಇದರ ಪಕ್ಕ ಇಟ್ಟು ಓದಿದರೆ, ನೆಲಕ್ಕಿಂತ ಮೇವಿನ ಮೇಲೆಯೇ ನಮ್ಮ ಅನುಮಾನ ಹೆಚ್ಚು.

ಪ್ರಶ್ನೆ: ಮೊದಲ ಸಲ ಮರಿ ಹಾಕಲಿದೆ. ಏನು ಸಿದ್ಧತೆ, ಯಾವುದು ಅಪಾಯ? (ಕುರುಗೋಡು)

ತಿಂಗಳು ಮೊದಲೇ ಧನುರ್ವಾಯು ಚುಚ್ಚುಮದ್ದು ಹಾಕಿಸಿ. ಕೆಚ್ಚಲು 2–4 ವಾರ ಮೊದಲು ತುಂಬತೊಡಗುತ್ತದೆ. ತೊಟ್ಟಿನ ತುದಿಗೆ ಮೇಣದ ಹನಿಯಂತೆ ಅಂಟು ಕಟ್ಟಿದರೆ ಬಹುತೇಕ 1–4 ದಿನದಲ್ಲಿ ಈಯುತ್ತದೆ, ಅದೂ ಹೆಚ್ಚಾಗಿ ರಾತ್ರಿ. ಒಣಹುಲ್ಲು ಹಾಸಿದ ಅಗಲ ಜಾಗ ಕೊಟ್ಟು ದೂರ ಕೂತು ನೋಡಿ. ಎದುರಿಗೆ ಜನ ನೆರೆದರೆ ಕುದುರೆ ಈಯುವುದನ್ನು ತಡೆಹಿಡಿಯುತ್ತದೆ.

ನೀರು ಒಡೆದ ಮೇಲೆ 30 ನಿಮಿಷದೊಳಗೆ ಮರಿ ಹೊರಬರಬೇಕು. ಆಕಳಿನಂತೆ ಗಂಟೆಗಟ್ಟಲೆ ಕಾಯುವಂತಿಲ್ಲ. ಮೊದಲು ಬಿಳಿ ಚೀಲ, ಒಳಗೆ ಒಂದು ಗೊರಸು ತುಸು ಮುಂದೆ, ಇನ್ನೊಂದು ಹಿಂದೆ, ಅವುಗಳ ಮೇಲೆ ಮೂತಿ. ಗೊರಸಿನ ತಳ ಕೆಳಕ್ಕಿರಬೇಕು, ಮೇಲಕ್ಕಿದ್ದರೆ ಮರಿ ತಿರುಗಿದೆ, ವೈದ್ಯರಿಗೆ ಫೋನ್ ಮಾಡಿ. ಬಿಳಿಯ ಬದಲು ಕೆಂಪು ಮಖಮಲ್ಲಿನಂಥ ಚೀಲ ಬಂದರೆ ಮಾಸು ಮೊದಲೇ ಕಳಚಿದೆ, ಮರಿಗೆ ಉಸಿರು ಸಿಗುತ್ತಿಲ್ಲ. ಕಾಯದೆ ಚೀಲ ಹರಿದು, ತಾಯಿ ತಿಣುಕುವಾಗ ಮಾತ್ರ ಕೆಳಮುಖವಾಗಿ ಎಳೆಯಿರಿ.

ಹೊಕ್ಕುಳಬಳ್ಳಿ ಕತ್ತರಿಸಬೇಡಿ, ತಾನೇ ಹರಿಯುತ್ತದೆ. ಆ ಜಾಗಕ್ಕೆ ಪೊವಿಡೋನ್ ಅಯೋಡಿನ್ ಹಚ್ಚಿ. ಮರಿ 1 ಗಂಟೆಯಲ್ಲಿ ನಿಲ್ಲಬೇಕು, 2 ಗಂಟೆಯಲ್ಲಿ ಹಾಲು ಕುಡಿಯಬೇಕು, 3 ಗಂಟೆಯಲ್ಲಿ ತಾಯಿಯ ಮಾಸು ಬೀಳಬೇಕು. ಗಿಣ್ಣದ ಹಾಲನ್ನು ಚೆಲ್ಲುವ, ಹಿಂಡಿ ಹಂಚುವ ರೂಢಿ ಇಲ್ಲಿ ಬೇಡವೇ ಬೇಡ. ರೋಗನಿರೋಧಕ ಶಕ್ತಿ ಮರಿಗೆ ಸಿಗುವುದು ಅದರಿಂದ ಮಾತ್ರ, ಒಂದು ದಿನ ಕಳೆದರೆ ಕರುಳು ಅದನ್ನು ಹೀರುವುದಿಲ್ಲ.

3 ಗಂಟೆ ದಾಟಿಯೂ ಮಾಸು ಜೋತಾಡುತ್ತಿದ್ದರೆ ಎಳೆಯಬೇಡಿ, ಕಲ್ಲು ಕಟ್ಟಬೇಡಿ. ಹಿಮ್ಮಡಿಯ ಮೇಲಕ್ಕೆ ಗಂಟು ಹಾಕಿ 1962ಕ್ಕೆ ಕರೆ ಮಾಡಿ. ಒಳಗೆ ಕೊಳೆತರೆ ನಂಜು ಗೊರಸಿಗೆ ಇಳಿದು ಕುದುರೆ ಕಾಯಂ ಕುಂಟಾಗಬಹುದು. ಬಿದ್ದ ಮಾಸನ್ನು ಹೂಳುವ ಮುನ್ನ ನೆಲದ ಮೇಲೆ ಹರಡಿ ನೋಡಿ: ಗರ್ಭಕೋಶದ ಕವಲಿನ ಆಕಾರದ ಎರಡು ಕೊಂಬು ಅದರಲ್ಲಿರುತ್ತವೆ, ಎರಡರ ತುದಿಯೂ ಇರಬೇಕು. ತುದಿ ಹರಿದಿದ್ದರೆ ಆ ಚೂರು ಒಳಗೇ ಉಳಿದಿದೆ. ಮಾಸನ್ನು ಬಕೆಟ್‌ನಲ್ಲಿ ಎತ್ತಿಟ್ಟು ವೈದ್ಯರಿಗೆ ತೋರಿಸಿ.